ವೆಂಟಿಲೇಟರ್ ಕೊಳ್ಳುವವರಿಗೂ ಮಾಡುವವರಿಗೂ ಕಲಬುರಗಿಯಿಂದ ಒಂದು ಬಹಿರಂಗ ಪತ್ರ

ಆರೋಗ್ಯ ಇಲಾಖೆಯಲ್ಲಿ ಯಂತ್ರೋಪಕರಣಗಳ ಖರೀದಿ ನೋಡಿಕೊಳ್ಳುವ ಅಧಿಕಾರಿಗಳಿಗೆ ಮತ್ತು ಉಸಿರಾಟದ ಯಂತ್ರಗಳನ್ನು ವಿನ್ಯಾಸ ಮಾಡುವ ಎಂಜಿನಿಯರುಗಳಿಗೆ,

ನಮಸ್ಕಾರ.

ನಾನು ಕಲಬುರಗಿಯಲ್ಲಿ ಆಸ್ಪತ್ರೆ ಯಂತ್ರಗಳ ರಿಪೇರಿ ಮಾಡುವವನು. ವೆಂಟಿಲೇಟರ್, ಬೈಪ್ಯಾಪ್ (ಮಾಸ್ಕಿನ ಮೂಲಕ ಎರಡು ಮಟ್ಟದ ಒತ್ತಡದಲ್ಲಿ ಗಾಳಿ ಕೊಡುವುದು), ಹೈ ಫ್ಲೋ (ಮೂಗಿನ ನಳಿಕೆಯಿಂದ ಜೋರಾಗಿ ಗಾಳಿ, ಆಕ್ಸಿಜನ್ ಹರಿಸುವುದು), ಮಾನಿಟರ್ ಎಲ್ಲ ನೋಡುತ್ತೇನೆ. ಕರೆ ಬಂದರೆ ಬೀದರ್, ಯಾದಗಿರಿಗೂ ಹೋಗುತ್ತೇನೆ. ಹೊಸ ವೆಂಟಿಲೇಟರ್ ಕೊಳ್ಳುವ ಟೆಂಡರ್ ಕಾಗದ ಕೈಗೆ ಸಿಕ್ಕಾಗ ಮೊದಲು ಕಣ್ಣಿಗೆ ಬೀಳುವುದು ಮೋಡ್‌ಗಳ, ಅಂದರೆ ಯಂತ್ರ ಉಸಿರು ಕೊಡುವ ಬೇರೆ ಬೇರೆ ವಿಧಾನಗಳ, ಸಾಲು. ವಾಲ್ಯೂಮ್ ಕಂಟ್ರೋಲ್ (ಉಸಿರಿಗೆ ಇಷ್ಟು ಗಾಳಿ ಅಂತ ಕೊಡುವುದು) ಇರಬೇಕು, ಪ್ರೆಷರ್ ಕಂಟ್ರೋಲ್ (ಇಷ್ಟು ಒತ್ತಡ ಅಂತ ಕೊಡುವುದು) ಇರಬೇಕು, ಎಸ್‌ಐಎಂವಿ, ಪ್ರೆಷರ್ ಸಪೋರ್ಟ್, ಸಿಪ್ಯಾಪ್, ಬೈಲೆವೆಲ್, ಎನ್‌ಐವಿ, ಹೈ ಫ್ಲೋ ಇರಬೇಕು. ಸಾಲು ಬರಬರುತ್ತಾ ಉದ್ದ ಆಗುತ್ತಿದೆ. ಕಂಪನಿಯವರು ಒಂದೊಂದಕ್ಕೂ ಟಿಕ್ ಹಾಕಿ ಕೊಡುತ್ತಾರೆ. ಆದರೆ ಒಂದು ಮೋಡ್‌ನಿಂದ ಇನ್ನೊಂದಕ್ಕೆ ಹೋಗುವಾಗ ಯಂತ್ರ ಏನು ಮಾಡುತ್ತದೆ, ರೋಗಿಗೆ ಏನಾಗುತ್ತದೆ? ಈ ಪ್ರಶ್ನೆ ನಾನು ನೋಡಿದ ಯಾವ ಕಾಗದದಲ್ಲೂ ಇರಲಿಲ್ಲ. ಈ ಪತ್ರ ಅದೊಂದರ ಬಗ್ಗೆಯೇ.

ನಮ್ಮ ಕಡೆ ಐಸಿಯುಗೆ ಬರುವವರನ್ನು ನೋಡಿದರೆ ಇದು ಯಾಕೆ ಮುಖ್ಯ ಅಂತ ಗೊತ್ತಾಗುತ್ತದೆ. ತೊಗರಿಗೆ, ಹತ್ತಿಗೆ ಕೀಟನಾಶಕ ಹೊಡೆಯುವ ಹಂಗಾಮಿನಲ್ಲಿ ವಿಷ ಮೈಗೇರಿದವರು ಬರುತ್ತಾರೆ. ಆರ್ಗನೋಫಾಸ್ಫರಸ್ ಜಾತಿಯ ವಿಷಕ್ಕೆ ಒಂದು ಕೆಟ್ಟ ಗುಣವಿದೆ. ಮೊದಲ ದಿನದ ಜೊಲ್ಲು, ಬೆವರು, ವಾಂತಿ ಅಟ್ರೋಪಿನ್ ಮದ್ದಿಗೆ ಇಳಿಯುತ್ತದೆ. ರೋಗಿ ಮಾತಾಡುತ್ತಾನೆ, ಮನೆಯವರು ನಿಟ್ಟುಸಿರು ಬಿಡುತ್ತಾರೆ. ಆಮೇಲೆ, 24ರಿಂದ 96 ಗಂಟೆಗಳ ನಡುವೆ, ಕೆಲವರಿಗೆ ಕತ್ತಿನ ಸ್ನಾಯು ಸೋಲುತ್ತದೆ. ದಿಂಬಿನಿಂದ ತಲೆ ಎತ್ತಲು ಆಗುವುದಿಲ್ಲ. ಅದರ ಹಿಂದೆಯೇ ಉಸಿರಿನ ಸ್ನಾಯುಗಳೂ ಕೈಕೊಡುತ್ತವೆ.

ಮಳೆಗಾಲದಲ್ಲಿ ಕಟ್ಟುಹಾವು ಕಚ್ಚಿದವರು ಬರುತ್ತಾರೆ. ನೆಲದ ಮೇಲೆ ಮಲಗಿದವರಿಗೆ ರಾತ್ರಿ ಹೊತ್ತು ಕಚ್ಚಿರುತ್ತದೆ. ಕಚ್ಚಿದ ಗುರುತೂ ಸರಿಯಾಗಿ ಕಾಣುವುದಿಲ್ಲ. ರೆಪ್ಪೆ ಜೋತುಬೀಳುತ್ತದೆ, ನುಂಗಲು ಆಗುವುದಿಲ್ಲ, ಕೊನೆಗೆ ಉಸಿರು ನಿಲ್ಲುತ್ತದೆ. ಒಳಗೆ ಪ್ರಜ್ಞೆ ಇದ್ದರೂ ಇರಬಹುದು, ಬೆರಳು ಮಾತ್ರ ಅಲ್ಲಾಡುವುದಿಲ್ಲ. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕು ಅಂತ ಆದೇಶ ಮಾಡಿತು. ಒಳ್ಳೆಯದೇ ಆಯಿತು. ಆದರೆ ವರದಿ ಆದವನಿಗೆ ಉಸಿರು ಕೊಡುವುದು ಯಂತ್ರ ತಾನೆ.

ಇನ್ನು ದಮ್ಮಿನವರು. ಶಹಾಬಾದ್, ಚಿತ್ತಾಪುರ ಕಡೆ ಕಲ್ಲಿನ ದೂಳು ಕುಡಿದವರು, ಜೀವಮಾನವೆಲ್ಲ ಕಟ್ಟಿಗೆ ಒಲೆ ಮುಂದೆ ಕೂತ ಅಜ್ಜಿಯರು. ಇವರು ವರ್ಷವಿಡೀ ಬರುತ್ತಾರೆ.

ಇವರಲ್ಲಿ ಯಾರಿಗೂ ಒಂದೇ ಮೋಡ್ ಸಾಕಾಗುವುದಿಲ್ಲ. ಹಾವು ಕಚ್ಚಿದವನಿಗೆ ಮೊದಲು ಪೂರ್ತಿ ಯಂತ್ರದ್ದೇ ಉಸಿರು. ಶಕ್ತಿ ಮರಳಿದಂತೆ ಅವನದೇ ಉಸಿರಿಗೆ ಒತ್ತಾಸೆ ಕೊಡುವ ಪ್ರೆಷರ್ ಸಪೋರ್ಟ್. ಗಂಟಲಿಗೆ ಹಾಕಿದ ಉಸಿರಿನ ಟ್ಯೂಬ್ ತೆಗೆದ ಮೇಲೆ ಕೆಲವೊಮ್ಮೆ ಹೈ ಫ್ಲೋ. ದಮ್ಮಿನ ಅಜ್ಜಿಗೆ ಬೈಪ್ಯಾಪ್, ಊಟದ ಹೊತ್ತಿಗೆ ಮಾಸ್ಕ್ ತೆಗೆದು ಹೈ ಫ್ಲೋ, ರಾತ್ರಿ ಮತ್ತೆ ಬೈಪ್ಯಾಪ್. ಯಂತ್ರ ಮೋಡ್ ಬದಲಾಯಿಸುವ ಹೊತ್ತಿಗೆ ರೋಗಿ ಉಸಿರಾಡುವುದನ್ನು ನಿಲ್ಲಿಸಿ ಕಾಯುವುದಿಲ್ಲವಲ್ಲ. ಓಡುತ್ತಿರುವ ಬಸ್ಸಿನಲ್ಲಿ ಡ್ರೈವರ್ ಬದಲಾದ ಹಾಗೆ ಇದು.

ಆ ಹೊತ್ತು ವಾರ್ಡಿನಲ್ಲಿ ಹೇಗಿರುತ್ತದೆ ಅಂತ ಹೇಳುತ್ತೇನೆ. ರಾತ್ರಿ ಹೈ ಫ್ಲೋನಲ್ಲಿರುವ ಅಜ್ಜಿಗೆ ಮಂಪರು ಹತ್ತುತ್ತದೆ. ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಏರುತ್ತಿದೆ. ಡಾಕ್ಟರು ಬೈಪ್ಯಾಪ್ ಹಾಕಿ ಅನ್ನುತ್ತಾರೆ. ಎರಡೂ ಒಂದೇ ಯಂತ್ರದಲ್ಲಿವೆ, ಹಾಗಾಗಿ ಸುಲಭ ಅಂತ ಕಾಗದ ನೋಡಿದವರಿಗೆ ಅನ್ನಿಸುತ್ತದೆ. ಸಿಸ್ಟರ್ ಮೊದಲು ಸ್ಟ್ಯಾಂಡ್‌ಬೈ ಒತ್ತಬೇಕು. ಒತ್ತಿದ ಕೂಡಲೇ ಗಾಳಿ, ಆಕ್ಸಿಜನ್ ಎರಡೂ ಬಂದ್. ಮೂಗಿನ ನಳಿಕೆ ಬಿಚ್ಚಬೇಕು. ಹೈ ಫ್ಲೋಗೆ ಗಾಳಿ ಒಳಗೆ ಹೋಗುವ ಒಂದೇ ಪೈಪ್ ಸಾಕಾಗಿತ್ತು. ಈಗ ವೈ ಆಕಾರದ ಕನೆಕ್ಟರ್, ಗಾಳಿ ಹೊರಬರುವ ಇನ್ನೊಂದು ಪೈಪ್, ಮಾಸ್ಕ್ ಎಲ್ಲ ಜೋಡಿಸಬೇಕು. ಮೆನು ತೆಗೆದು ಮೋಡ್ ಆರಿಸಬೇಕು. ಒಂದೊಂದೇ ಅಂಕಿ ತಿರುಗಿಸಿ ಓಕೆ ಮಾಡಬೇಕು. ಕೈಯಲ್ಲಿ ಜೆಲ್ ಹತ್ತಿದ ಗ್ಲೌಸ್, ಟಚ್ ಸ್ಕ್ರೀನ್ ಒಪ್ಪುವುದಿಲ್ಲ. ಅಷ್ಟರಲ್ಲಿ ಯಂತ್ರ 'ಸರ್ಕ್ಯೂಟ್ ಟೆಸ್ಟ್ ಮಾಡಲೇ?' ಅಂತ ಕೇಳುತ್ತದೆ. ಪಕ್ಕದ ಮಾನಿಟರಿನಲ್ಲಿ ಸ್ಯಾಚುರೇಷನ್, ಅಂದರೆ ರಕ್ತದ ಆಕ್ಸಿಜನ್ ಮಟ್ಟ, 92, 88, 84. ಅಲಾರಂ ಬಡಿದುಕೊಳ್ಳುತ್ತಿದೆ. ಪಕ್ಕದ ಬೆಡ್ಡಿನ ರೋಗಿಯನ್ನು ನೋಡಬೇಕಾದವರೂ ಇವರೇ.

ಇದರಲ್ಲಿ ಸಿಸ್ಟರ್ ತಪ್ಪೇನೂ ಇಲ್ಲ. ಹಳೆಯ ಮೋಡ್ ನಡೆಯುತ್ತಿರುವಾಗಲೇ ಹೊಸ ಮೋಡಿನ ಅಂಕಿಗಳನ್ನು ಸಿದ್ಧ ಮಾಡಿಟ್ಟುಕೊಳ್ಳಲು ಯಂತ್ರ ಬಿಡಬೇಕಿತ್ತು. ಕೆಲವು ಯಂತ್ರಗಳು ಬಿಡುತ್ತವೆ ಕೂಡ. ಹೊಸ ಅಂಕಿಗಳು ಪರದೆಯ ಒಂದು ಬದಿಯಲ್ಲಿ ಕಾಯುತ್ತಿರುತ್ತವೆ, ಮಾಸ್ಕ್ ಮುಖಕ್ಕೆ ಕೂತ ಮೇಲೆ ಒಂದೇ ಗುಂಡಿ ಒತ್ತಿದರೆ ಆಯಿತು. ಸ್ಟ್ಯಾಂಡ್‌ಬೈ ಅಂದರೆ ಪೂರ್ತಿ ಬಂದ್ ಯಾಕಾಗಬೇಕು? ಸಣ್ಣಗೆ ಆಕ್ಸಿಜನ್ ಹರಿಯುತ್ತಲೇ ಇರಲಿ. ಇದಕ್ಕೆ ಹೊಸ ಸಂಶೋಧನೆ ಬೇಕಿಲ್ಲ. ಕೇಳುವವರು ಬೇಕು, ಅಷ್ಟೇ.

ಇದಕ್ಕಿಂತ ಅಪಾಯದ್ದು, ಹೊರಗೆ ಕಾಣದೆ ಆಗುವ ಬದಲಾವಣೆ. ಬೈಪ್ಯಾಪ್ ಯಂತ್ರದಲ್ಲಿ ಐಪ್ಯಾಪ್ 15, ಇಪ್ಯಾಪ್ 5 ಅಂತ ಇಟ್ಟರೆ ಉಸಿರು ಎಳೆಯುವಾಗಿನ ಮೇಲಿನ ಒತ್ತಡ 15 ಸೆಂಟಿಮೀಟರ್ ನೀರಿನಷ್ಟು, ಬಿಡುವಾಗಿನ ಕೆಳಗಿನದು 5. ರೋಗಿಗೆ ಸಿಗುವ ಒತ್ತಾಸೆ 10. ಐಸಿಯು ವೆಂಟಿಲೇಟರಿನ ಪ್ರೆಷರ್ ಸಪೋರ್ಟ್‌ನಲ್ಲಿ ಸಾಮಾನ್ಯವಾಗಿ ಲೆಕ್ಕ ಬೇರೆ. ಅಲ್ಲಿ 15 ಅಂತ ಇಟ್ಟರೆ ಅದು ಪೀಪ್ (ಉಸಿರು ಬಿಟ್ಟ ಮೇಲೂ ಉಳಿಸುವ ಒತ್ತಡ) ಮೇಲೆ 15. ಪೀಪ್ 5 ಇದ್ದರೆ ಒಟ್ಟು 20. ಎರಡು ಲೆಕ್ಕವೂ ಸರಿಯೇ. ಆದರೆ ಬೈಪ್ಯಾಪ್ ಅಂಕಿಯನ್ನು ಚೀಟಿಯಲ್ಲಿ ಬರೆದುಕೊಂಡು ಬಂದು ಇಲ್ಲಿ ಹಾಗೇ ಒತ್ತಿದರೆ ಐದು ಸೆಂಟಿಮೀಟರ್ ಹೆಚ್ಚಾಯಿತು. ಯಾರಿಗೂ ಗೊತ್ತಾಗುವುದಿಲ್ಲ. ಪರದೆಯಲ್ಲಿ 15 ಅಂತಲೇ ಇರುತ್ತದೆ. ಮೋಡ್ ಬದಲಾಯಿಸುವ ಮುಂಚೆ 'ಈಗ ಗರಿಷ್ಠ ಒತ್ತಡ 15, ಒಪ್ಪಿದರೆ 20 ಆಗುತ್ತದೆ' ಅಂತ ಒಂದು ಸಾಲು ತೋರಿಸಲು ಎಷ್ಟು ಖರ್ಚು?

ಡಿಫಾಲ್ಟ್ ಅಂಕಿಗಳ ಕಥೆಯೂ ಇದೇ. ಪ್ರೆಷರ್ ಮೋಡ್‌ನಿಂದ ವಾಲ್ಯೂಮ್ ಕಂಟ್ರೋಲ್‌ಗೆ ಹೋದರೆ ಕೆಲವು ಯಂತ್ರಗಳು ತಾವೇ ಒಂದು ಉಸಿರಿಗೆ 500 ಮಿಲಿಲೀಟರ್ ಅಂತ ತೋರಿಸುತ್ತವೆ. ನಮ್ಮ ಕಡೆಯ ಹೆಂಗಸರಲ್ಲಿ 150 ಸೆಂಟಿಮೀಟರ್ ಎತ್ತರದವರು ಜಾಸ್ತಿ. ಆ ಎತ್ತರಕ್ಕೆ, ಶ್ವಾಸಕೋಶದ ಗಾತ್ರ ಅಂದಾಜಿಸಲು ಹಿಡಿಯುವ ಮೈತೂಕದ ಲೆಕ್ಕ ಸುಮಾರು 43 ಕಿಲೋ. ತಕ್ಕಡಿಯ ತೂಕ ಏನೇ ಇರಲಿ, ಶ್ವಾಸಕೋಶ ಎತ್ತರಕ್ಕೆ ತಕ್ಕಷ್ಟೇ ಇರುತ್ತದೆ. ಕಿಲೋಗೆ 6 ಮಿಲಿಯಂತೆ 260 ಮಿಲಿ ಸಾಕು. 500 ಕೊಟ್ಟರೆ ಕಿಲೋಗೆ ಹೆಚ್ಚುಕಡಿಮೆ 12 ಮಿಲಿ ಆಯಿತು. ಅಮೆರಿಕದಲ್ಲಿ ಎಆರ್‌ಡಿಎಸ್ (ಶ್ವಾಸಕೋಶ ತೀವ್ರವಾಗಿ ಸೋಲುವ ಕಾಯಿಲೆ) ಬಂದ 861 ರೋಗಿಗಳ ಮೇಲೆ ನಡೆದು 2000ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನ ಹೋಲಿಸಿ ನೋಡಿದ್ದು ಈ 6 ಮತ್ತು 12ನ್ನೇ. 12ರ ಗುಂಪಿನಲ್ಲಿ ಶೇ. 39.8 ಜನ ತೀರಿಕೊಂಡರು, 6ರ ಗುಂಪಿನಲ್ಲಿ ಶೇ. 31. ಇಷ್ಟು ವರ್ಷ ಆದ ಮೇಲೂ ಎತ್ತರ ಕೇಳದೆ 500 ಅಂತ ತೋರಿಸುವ ಯಂತ್ರವನ್ನು ನಾವು ಕೊಳ್ಳಬೇಕಾ? ರೋಗಿಯ ಎತ್ತರ ಹಾಕದೆ ವಾಲ್ಯೂಮ್ ಮೋಡ್ ತೆರೆಯಲೇಬಾರದು ಅಂತ ನನ್ನ ಅಭಿಪ್ರಾಯ. ತುರ್ತಿನಲ್ಲಿ ಎತ್ತರ ಅಳೆಯಲು ಆಗದಿದ್ದರೆ 'ಕುಳ್ಳು, ಮಧ್ಯಮ, ಎತ್ತರ' ಅಂತ ಮೂರು ಗುಂಡಿ ಇಟ್ಟರೂ ನಡೆಯುತ್ತದೆ.

ಈಗ ಹಾವು ಕಚ್ಚಿದವನ ವಿಷಯಕ್ಕೆ ಬರುತ್ತೇನೆ. ಅವನು ಪ್ರೆಷರ್ ಸಪೋರ್ಟ್‌ನಲ್ಲಿದ್ದಾನೆ, ಅಂದರೆ ಪ್ರತಿ ಉಸಿರನ್ನು ಅವನೇ ಶುರು ಮಾಡಬೇಕು. ಸ್ನಾಯು ಮತ್ತೆ ಸೋತರೆ? ಆಗ ಯಂತ್ರ ಸ್ವಲ್ಪ ಹೊತ್ತು ಕಾದು, ಸಾಮಾನ್ಯವಾಗಿ 20 ಸೆಕೆಂಡ್, ತಾನೇ ಬ್ಯಾಕಪ್ ಮೋಡ್‌ಗೆ ಹೋಗಿ ಉಸಿರು ಕೊಡುತ್ತದೆ. ಜೀವ ಉಳಿಸುವ ಸ್ವಿಚ್ ಇದು. ಇದರಲ್ಲೂ ಯಂತ್ರದಿಂದ ಯಂತ್ರಕ್ಕೆ ಎಷ್ಟು ವ್ಯತ್ಯಾಸ ನೋಡಿ. ಕೆಲವು, ರೋಗಿ ಒಂದೆರಡು ಉಸಿರು ಎಳೆದ ಕೂಡಲೇ ಸುಮ್ನೆ ಹಳೆಯ ಮೋಡ್‌ಗೆ ವಾಪಸ್ ಹೋಗುತ್ತವೆ. ಕೆಲವು, ಯಾರಾದರೂ ಬಂದು ರೀಸೆಟ್ ಮಾಡುವ ತನಕ ಬ್ಯಾಕಪ್‌ನಲ್ಲೇ ಇರುತ್ತವೆ. ವಿಷ ಮೈಗೇರಿದವನ ಕತ್ತು ಸೋಲುತ್ತಿರುವಾಗ ಮೊದಲ ಜಾತಿಯ ಯಂತ್ರ ರಾತ್ರಿಯಲ್ಲಿ ಹತ್ತಾರು ಸಲ ಹೋಗಿ ಬಂದಿರಬಹುದು. ಬೆಳಿಗ್ಗೆ ರೌಂಡ್ಸ್‌ಗೆ ಬಂದ ಡಾಕ್ಟರಿಗೆ ಪರದೆಯಲ್ಲಿ 'ಪ್ರೆಷರ್ ಸಪೋರ್ಟ್, ಎಲ್ಲ ಸರಿ' ಅಂತ ಕಾಣುತ್ತದೆ. ಯಂತ್ರ ಬರೆದಿಟ್ಟ ದಾಖಲೆ (ಲಾಗ್) ತೆಗೆದು ನೋಡುವ ಪುರುಸೊತ್ತು ಯಾರಿಗಿದೆ? ತಾನೇ ಮೋಡ್ ಬದಲಾಯಿಸಿಕೊಂಡರೆ ಅದನ್ನು ಮೊದಲ ಪರದೆಯ ಮೇಲೇ ಬರೆಯಬೇಕು. ಎಷ್ಟು ಸಲ, ಎಷ್ಟು ಗಂಟೆಗೆ, ಯಾಕೆ. ಒಬ್ಬರು ನೋಡಿ ಒತ್ತುವ ತನಕ ಅದು ಅಳಿಯಬಾರದು.

ಹೈ ಫ್ಲೋದಲ್ಲಿ ಇನ್ನೊಂದು ಸೂಕ್ಷ್ಮ ಇದೆ, ಇದನ್ನು ಅನುಭವಸ್ಥರೂ ಮರೆಯುತ್ತಾರೆ. ಬೈಪ್ಯಾಪ್‌ನಲ್ಲಿ ಯಂತ್ರ ರೋಗಿಯ ಉಸಿರನ್ನು ಎಣಿಸುತ್ತದೆ, ಅಳೆಯುತ್ತದೆ, ನಿಂತರೆ ಕೂಗುತ್ತದೆ. ಹೈ ಫ್ಲೋದಲ್ಲಿ ಮೂಗಿನ ಹತ್ತಿರ ಎಲ್ಲ ಬಿಚ್ಚಿಕೊಂಡಿರುತ್ತದೆ. ನಿಮಿಷಕ್ಕೆ 60 ಲೀಟರ್ ತನಕ ಗಾಳಿ ಸುರಿಯುತ್ತದೆಯೇ ಹೊರತು ರೋಗಿ ಎಷ್ಟು ಎಳೆದುಕೊಂಡ ಅಂತ ಸಾಮಾನ್ಯ ಯಂತ್ರಕ್ಕೆ ತಿಳಿಯುವುದಿಲ್ಲ. ಉಸಿರು ನಿಂತರೂ ಅಲಾರಂ ಬಾರದು. ಪರದೆ ಮಾತ್ರ ಅದೇ, ಬಣ್ಣವೂ ಅದೇ, ಮೂಲೆಯಲ್ಲಿ ಅದೇ ಹಸಿರು ಗುರುತು. ಕಾವಲು ಕಾಯುತ್ತಿದ್ದವನು ಎದ್ದು ಹೋಗಿದ್ದಾನೆ, ಯಾರಿಗೂ ಹೇಳಿಲ್ಲ. ಎಂಜಿನಿಯರುಗಳೇ, ಹೈ ಫ್ಲೋಗೆ ಬದಲಾದ ಕೂಡಲೇ ಪರದೆಯ ರೂಪವೇ ಬೇರೆಯಾಗಲಿ. 'ನನಗೆ ಈಗ ಉಸಿರು ಕಾಣುತ್ತಿಲ್ಲ, ಮಾನಿಟರ್ ನೋಡಿ' ಅಂತ ದೊಡ್ಡದಾಗಿ ಬರಲಿ. ಗಾಳಿಯನ್ನು ಬೆಚ್ಚಗೆ, ತೇವ ಮಾಡುವ ಹ್ಯುಮಿಡಿಫೈಯರ್ ಕೂಡ ಜೊತೆಗೇ ಬದಲಾಗಬೇಕು. ಟ್ಯೂಬ್‌ಗೆ, ಹೈ ಫ್ಲೋಗೆ 37 ಡಿಗ್ರಿ ಬೇಕು, ಮಾಸ್ಕಿಗೆ 31ರ ಆಸುಪಾಸು ಸಾಕು. ಇಲ್ಲದಿದ್ದರೆ ಮಾಸ್ಕಿನೊಳಗೆ ಸೆಖೆಯಾಗಿ ರೋಗಿ ಕಿತ್ತು ಎಸೆಯುತ್ತಾನೆ.

ಆಕ್ಸಿಜನ್ ಲೆಕ್ಕವನ್ನು ಅಧಿಕಾರಿಗಳು ದಯವಿಟ್ಟು ಒಮ್ಮೆ ಕಾಗದದ ಮೇಲೆ ಹಾಕಿ ನೋಡಬೇಕು. ಹೈ ಫ್ಲೋ 60 ಲೀಟರ್, ಆಕ್ಸಿಜನ್ ಶೇ. 60 ಅಂತ ಇಟ್ಟರೆ ಹೊರಗಿನ ಗಾಳಿಯಲ್ಲಿರುವ ಆಕ್ಸಿಜನ್ ಕಳೆದು ಸಿಲಿಂಡರಿನಿಂದ ನಿಮಿಷಕ್ಕೆ ಸುಮಾರು 30 ಲೀಟರ್ ಎಳೆಯುತ್ತದೆ. ಆಂಬುಲೆನ್ಸಿನ ಬಿ ಟೈಪ್ ಸಿಲಿಂಡರಿನಲ್ಲಿ 1,500 ಲೀಟರ್. ಅಂದರೆ 50 ನಿಮಿಷ. ಯಾದಗಿರಿಯಿಂದ ಕಲಬುರಗಿ ಸುಮಾರು 80 ಕಿಲೋಮೀಟರ್, ಬೀದರಿನಿಂದ ಹೈದರಾಬಾದ್ ಸುಮಾರು 140. ನಡುದಾರಿಯಲ್ಲೇ ಖಾಲಿ. ಅದೇ ರೋಗಿಗೆ ಟ್ಯೂಬ್ ಹಾಕಿ ವೆಂಟಿಲೇಟರಿನಲ್ಲಿಟ್ಟರೆ, ನಿಮಿಷಕ್ಕೆ 8 ಲೀಟರ್ ಉಸಿರಿಗೆ, ಅದೇ ಶೇ. 60ಕ್ಕೆ, ಆಕ್ಸಿಜನ್ ಖರ್ಚು ನಾಲ್ಕು ಲೀಟರ್. ಯಂತ್ರದ ಸ್ವಂತ ಖರ್ಚು ಸೇರಿಸಿದರೂ ಗಂಟೆಗಟ್ಟಲೆ ಬರುತ್ತದೆ. ಮೋಡ್ ಬದಲಾಯಿಸುವುದು ಅಂದರೆ ಸಿಲಿಂಡರಿನ ಆಯುಸ್ಸನ್ನೂ ಬದಲಾಯಿಸುವುದು. ಸಿಲಿಂಡರ್ ಯಾವುದು ಅಂತ ಹೇಳಿದರೆ ಎಷ್ಟು ನಿಮಿಷ ಬರುತ್ತದೆ ಅಂತ ಲೆಕ್ಕ ಹಾಕಿ ತೋರಿಸುವ ಬುದ್ಧಿ ಮೊಬೈಲಿಗೆ ಇದೆ, ಲಕ್ಷಗಟ್ಟಲೆ ಬೆಲೆಯ ಯಂತ್ರಕ್ಕೆ ಯಾಕಿಲ್ಲ?

ಮಾಸ್ಕ್ ಬಗ್ಗೆ ಎರಡೇ ಮಾತು. ಒಂದೇ ಪೈಪಿನ ಯಂತ್ರಕ್ಕೆ ರಂಧ್ರವಿರುವ ಮಾಸ್ಕ್ ಬೇಕು, ಅಥವಾ ಪೈಪಿನಲ್ಲೇ ಗಾಳಿ ಹೊರಹೋಗುವ ಪೋರ್ಟ್ ಇರಬೇಕು. ಎರಡು ಪೈಪಿನ ಯಂತ್ರಕ್ಕೆ ರಂಧ್ರವಿಲ್ಲದ್ದು, ಇದರ ಎಲ್ಬೋ (ಪೈಪ್ ಸೇರುವ ಬಾಗಿದ ತುಂಡು) ಸಾಮಾನ್ಯವಾಗಿ ನೀಲಿ. ನೋಡಲು ಎರಡೂ ಒಂದೇ ತರಹ, ಒಂದೇ ಡಬ್ಬದಲ್ಲಿ ಬಿದ್ದಿರುತ್ತವೆ, ಕನೆಕ್ಟರ್ 22 ಮಿಲಿಮೀಟರ್ ಆದ್ದರಿಂದ ಎರಡೂ ಕೂರುತ್ತವೆ. ಪೋರ್ಟ್ ಇಲ್ಲದ ಒಂದೇ ಪೈಪಿಗೆ ರಂಧ್ರವಿಲ್ಲದ ಮಾಸ್ಕ್ ಹಾಕಿದರೆ ರೋಗಿ ತಾನು ಬಿಟ್ಟ ಗಾಳಿಯನ್ನೇ ಮತ್ತೆ ಎಳೆದುಕೊಳ್ಳುತ್ತಾನೆ. ಸೋರಿಕೆ ಎಷ್ಟಿದೆ ಅಂತ ಅಳೆಯುವ ಯಂತ್ರಕ್ಕೆ ಇದನ್ನು ಹಿಡಿಯುವುದು ಕಷ್ಟವಲ್ಲ. ಸೋರಬೇಕಾದಷ್ಟು ಸೋರುತ್ತಿಲ್ಲ ಅಂದರೆ ಕೂಗಲಿ.

ಇನ್ನು ನಮ್ಮ ಬಿಸಿಲು. ಹೆಚ್ಚಿನ ಯಂತ್ರಗಳ ಪುಸ್ತಕದಲ್ಲಿ 'ಕೆಲಸ ಮಾಡುವ ತಾಪಮಾನ 40 ಡಿಗ್ರಿ ತನಕ' ಅಂತ ಇರುತ್ತದೆ. ಕಲಬುರಗಿಯ ಮೇ ತಿಂಗಳು ಆ ಪುಸ್ತಕ ಓದಿಲ್ಲ. ಹೊರಗೆ 44 ಇರುವಾಗ ಕರೆಂಟ್ ಹೋಗಿ ಎಸಿ ನಿಂತರೆ ಬ್ಯಾಟರಿಯೂ ಬಿಸಿ, ಗಾಳಿ ಎಳೆದು ತಳ್ಳುವ ಟರ್ಬೈನೂ ಬಿಸಿ. ಶಹಾಬಾದ್ ಕಡೆಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಯಂತ್ರದ ಹಿಂದಿನ ಫಿಲ್ಟರ್ ಬಿಚ್ಚಿದೆ. ಬೆಳ್ಳಗೆ ಇರಬೇಕಾದ ಸ್ಪಂಜು ಸಿಮೆಂಟ್ ಬಣ್ಣಕ್ಕೆ ತಿರುಗಿತ್ತು, ಬೆರಳಲ್ಲಿ ಒತ್ತಿದರೆ ಪುಡಿ ಉದುರಿತು. ಅಂಥ ಫಿಲ್ಟರ್ ಇದ್ದರೂ ಸಿಪ್ಯಾಪ್ (ಒಂದೇ ಮಟ್ಟದ ಒತ್ತಡ ಕೊಡುವ ಮೋಡ್) ಹೇಗೋ ನಡೆಯುತ್ತದೆ, ಏಕೆಂದರೆ ಅದಕ್ಕೆ ಬೇಕಾದ ಗಾಳಿ ಕಮ್ಮಿ. ಹೈ ಫ್ಲೋಗೆ ಬದಲಾಯಿಸಿ 60 ಲೀಟರ್ ಕೇಳಿದಾಗ ಟರ್ಬೈನ್ ಏದುಸಿರು ಬಿಡುತ್ತದೆ. ಅಂದರೆ ತೊಂದರೆ ಹೊರಗೆ ಬರುವುದು ಮೋಡ್ ಬದಲಾಯಿಸಿದಾಗಲೇ, ರೋಗಿಗೆ ಜಾಸ್ತಿ ಬೇಕಾದಾಗಲೇ.

ಯಂತ್ರವೇ ಎಲ್ಲ ನಿರ್ಧಾರ ಮಾಡುವ ಆಟೋ ಮೋಡ್‌ಗಳಿವೆಯಲ್ಲ ಅಂತ ನೀವು ಹೇಳಬಹುದು. ಅವು ಕೆಟ್ಟವು ಅಂತ ನಾನು ಹೇಳುವುದಿಲ್ಲ. ರಾತ್ರಿ ತಜ್ಞರಿಲ್ಲದ ಊರಿಗೆ ಅವುಗಳಿಂದ ಅನುಕೂಲವೇ. ಆದರೆ ಸೆನ್ಸರ್ ಒದ್ದೆಯಾಗಿ ತಪ್ಪು ಅಂಕಿ ಕೊಟ್ಟರೆ ಆಟೋ ಮೋಡ್ ಆ ತಪ್ಪನ್ನೇ ನಂಬಿ ಮುಂದೆ ಹೋಗುತ್ತದೆ. ಹೀಗಾಗಿ ಯಂತ್ರ ತಾನೇ ಬದಲಾಯಿಸಬಹುದಾದದ್ದು ಒಂದೇ ದಿಕ್ಕಿನಲ್ಲಿರಲಿ. ರೋಗಿಗೆ ಆಸರೆ ಹೆಚ್ಚಿಸುವ ಕಡೆಗೆ ತಾನೇ ಹೋಗಲಿ, ಕಮ್ಮಿ ಮಾಡುವ ಕಡೆಗೆ ಹೋಗಲು ಮನುಷ್ಯರನ್ನು ಕೇಳಲಿ. ಇದನ್ನು ಒಪ್ಪದ ಡಾಕ್ಟರುಗಳೂ ಇದ್ದಾರೆ. ಅವರ ಆಸ್ಪತ್ರೆಯಲ್ಲಿ ರಾತ್ರಿ ಜನ ಜಾಸ್ತಿ ಇರಬಹುದು.

ನಮ್ಮ ರಾಜ್ಯಕ್ಕೆ ಇದೆಲ್ಲ ಆಗದ ಕೆಲಸವಲ್ಲ. ದೇಶದಲ್ಲಿ ಕೋವಿಡ್‌ನಿಂದ ಮೊದಲು ತೀರಿಕೊಂಡವರು, 2020ರ ಮಾರ್ಚ್‌ನಲ್ಲಿ, ಕಲಬುರಗಿಯವರೇ. ಅದೇ ವರ್ಷ ಮೈಸೂರಿನ ಸ್ಕ್ಯಾನ್‌ರೇ ಕಂಪನಿಯ ವಿನ್ಯಾಸದ ಮೇಲೆ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ (ಬಿಇಎಲ್) 30,000 ವೆಂಟಿಲೇಟರುಗಳ ಆರ್ಡರ್ ಹಿಡಿದು ಕೆಲಸಕ್ಕೆ ಇಳಿಯಿತು. ಅವಸರದಲ್ಲಿ ಅಷ್ಟು ಮಾಡಿದವರಿಗೆ ಸಾವಧಾನದಲ್ಲಿ ಇಷ್ಟು ಆಗದಾ? ಮೋಡ್‌ಗಳನ್ನು ಕಂಪನಿಗೊಂದು ಹೆಸರಿನಲ್ಲಿ ಕರೆಯುವ ಗೊಂದಲಕ್ಕೂ 2019ರಲ್ಲೇ ಐಎಸ್‌ಒ 19223 ಅಂತ ಒಂದು ಮಾನದಂಡ ಬಂದಿದೆ. ಅದನ್ನು ಪಾಲಿಸಬೇಕು ಅಂತ ಟೆಂಡರಿನಲ್ಲಿ ಒಂದು ಸಾಲು ಸೇರಿಸಿದರೆ ಸಾಕು, ಒಂದು ವಾರ್ಡಿನಿಂದ ಇನ್ನೊಂದಕ್ಕೆ ಡ್ಯೂಟಿ ಬದಲಾದ ಸಿಸ್ಟರುಗಳು ಬದುಕಿಕೊಳ್ಳುತ್ತಾರೆ.

ನಾನು ಕೇಳುವುದು ಇಷ್ಟು. ಮುಂದಿನ ಖರೀದಿಗೆ ಮುಂಚೆ ಡೆಮೊ ಬೆಂಗಳೂರಿನ ಎಸಿ ಹಾಲಿನಲ್ಲಿ ಬೇಡ. ಮೇ ತಿಂಗಳಲ್ಲಿ ಕಲಬುರಗಿ, ಬೀದರ್, ಯಾದಗಿರಿ ಮೂರರಲ್ಲಿ ಎಲ್ಲಾದರೂ, ಎಸಿ ಆರಿಸಿದ ಕೋಣೆಯಲ್ಲಿ ಮಾಡಿ. ಯಂತ್ರಕ್ಕೆ ಟೆಸ್ಟ್ ಲಂಗ್ (ಪರೀಕ್ಷೆಗೆ ಬಳಸುವ ನಕಲಿ ಶ್ವಾಸಕೋಶ) ಜೋಡಿಸಿ. ಕಂಪನಿಯ ಸೇಲ್ಸ್ ಹುಡುಗ ದೂರ ನಿಲ್ಲಲಿ. ಆ ಯಂತ್ರವನ್ನು ಮೊದಲ ಸಲ ನೋಡುತ್ತಿರುವ, ನೈಟ್ ಡ್ಯೂಟಿ ಮಾಡಿ ಗೊತ್ತಿರುವ ಸಿಸ್ಟರ್ ಒಬ್ಬರ ಕೈಗೆ ಗ್ಲೌಸ್ ಹಾಕಿಸಿ ಹೈ ಫ್ಲೋದಿಂದ ಬೈಪ್ಯಾಪ್‌ಗೆ, ಅಲ್ಲಿಂದ ಪ್ರೆಷರ್ ಕಂಟ್ರೋಲ್‌ಗೆ, ಮತ್ತೆ ವಾಪಸ್ ಬದಲಾಯಿಸಲು ಹೇಳಿ. ಗಾಳಿ ಎಷ್ಟು ಸೆಕೆಂಡ್ ನಿಂತಿತು, ಒತ್ತಡ ಎಲ್ಲಿಗೆ ಹಾರಿತು, ಯಾವ ಅಲಾರಂ ಬಾಯಿ ಮುಚ್ಚಿತು, ಎಲ್ಲ ಬರೆದುಕೊಳ್ಳಿ. ನಡುವೆ ಪ್ಲಗ್ ಕಿತ್ತು ನೋಡಿ. ಆ ಅಂಕಿಗಳಿಗೂ ಟೆಂಡರಿನಲ್ಲಿ ಮಾರ್ಕ್ಸ್ ಇರಲಿ.

ಎಂಜಿನಿಯರುಗಳಲ್ಲಿ, ಅದರಲ್ಲೂ ಕಲಬುರಗಿ, ಬೀದರ್, ಭಾಲ್ಕಿಯ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಇಂಥ ಯಂತ್ರವನ್ನು ಪ್ರಾಜೆಕ್ಟ್ ಅಂತ ಕೈಗೆತ್ತಿಕೊಳ್ಳುವ ಹುಡುಗ ಹುಡುಗಿಯರಲ್ಲಿ ಒಂದು ವಿನಂತಿ. ಹೊಸ ಮೋಡ್ ಕಂಡುಹಿಡಿಯಲು ಹೋಗಬೇಡಿ, ಇರುವವೇ ಜಾಸ್ತಿಯಾಗಿವೆ. ಎರಡು ಮೋಡ್ ಸಾಕು, ಅವುಗಳ ನಡುವಿನ ದಾಟು ಚೆನ್ನಾಗಿ ಮಾಡಿ. ಮಾಡುವ ಮುಂಚೆ ಅನುಮತಿ ತೆಗೆದುಕೊಂಡು ಒಂದು ರಾತ್ರಿ ಐಸಿಯುನಲ್ಲಿ ಮೂಲೆಯಲ್ಲಿ ನಿಂತು ನೋಡಿ. ಕರೆದರೆ ನಾನೂ ಬರುತ್ತೇನೆ, ಹಳೆಯ ಯಂತ್ರ ಬಿಚ್ಚಿ ತೋರಿಸಲು ನನ್ನ ಬಳಿ ಬೇಕಾದಷ್ಟಿವೆ.

ಇಂತಿ,
ಕಲಬುರಗಿಯ ಒಬ್ಬ ಬಯೋಮೆಡಿಕಲ್ ಟೆಕ್ನಿಷಿಯನ್